ಎತ್ತರ ಒಂದು ಹಾಳೆಯಲ್ಲಿ, ಒಡೆತನ ಇನ್ನೊಂದರಲ್ಲಿ
ರಾಮನಗರ ಸೀಮೆಯ ಬೆಟ್ಟಗಳು ಮತ್ತು ಅವುಗಳ ಹಳೆಯ ನಕ್ಷೆಗಳು



ಸಾಹಿತ್ಯದ ವೇದಿಕೆಯಲ್ಲಿ ಸರ್ವೆ, ನಕ್ಷೆ, ಕ್ವಾರಿ ಅಂತ ಮಾತು ಶುರುಮಾಡಿದರೆ ಇದೇನು ತಹಸೀಲ್ದಾರರ ಕಚೇರಿಯೇ ಎಂದು ಕೆಲವರಿಗಾದರೂ ಅನ್ನಿಸುತ್ತದೆ. ಅನ್ನಿಸಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲೂಕಿನವರಿಗೆ ಕಲ್ಲು ಎಂದರೆ ಮನೆಯ ಚಪ್ಪಡಿ, ತೋಟದ ಕಂಬ, ದೇವರ ವಿಗ್ರಹ, ಒಂದಷ್ಟು ಮನೆಗಳ ಅನ್ನ. ಅದೇ ಕಲ್ಲಿನ ಬೆಟ್ಟಗಳನ್ನು ಯಾರು, ಯಾವಾಗ, ಯಾತಕ್ಕಾಗಿ ಕಾಗದದ ಮೇಲೆ ಇಳಿಸಿದರು ಎನ್ನುವುದು ಮಾತ್ರ ನಮ್ಮ ಊರ ಚರಿತ್ರೆಗಳಲ್ಲಿ ಎಲ್ಲೂ ಬರುವುದಿಲ್ಲ. ಪಾಳೆಯಗಾರರು ಬರುತ್ತಾರೆ, ಶಾಸನಗಳು ಬರುತ್ತವೆ, ಜಾತ್ರೆ ಬರುತ್ತದೆ, ನಕ್ಷೆ ಬರುವುದಿಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬೆಟ್ಟಗಳಿಗೆ ಎರಡು ಬಗೆಯ ನಕ್ಷೆಗಳಿವೆ. ಒಂದು ದಂಡಿನವರು ಶುರುಮಾಡಿದ್ದು. ಅದಕ್ಕೆ ಬೆಟ್ಟದ ಎತ್ತರ ಗೊತ್ತು, ಒಡೆಯ ಯಾರೆಂದು ಗೊತ್ತಿಲ್ಲ. ಇನ್ನೊಂದು ಕಂದಾಯದವರದು, ಅದಕ್ಕೆ ಒಡೆಯ ಗೊತ್ತು, ಎತ್ತರ ಗೊತ್ತಿಲ್ಲ. ಕಲ್ಲು ಗಣಿಗಾರಿಕೆ ಈ ಎರಡು ಕಾಗದಗಳ ನಡುವಿನ ಸಂದಿನಲ್ಲಿ ಬೆಳೆದಿದೆ.

ಭಾರತ ಸರ್ವೇಕ್ಷಣಾ ಇಲಾಖೆಯ ಹಳೆಯ ಲೆಕ್ಕದಲ್ಲಿ ನಾವೆಲ್ಲ 57 ಎಚ್ ಚೌಕದವರು. 12ರಿಂದ 13 ಡಿಗ್ರಿ ಉತ್ತರ ಅಕ್ಷಾಂಶ, 77ರಿಂದ 78 ಡಿಗ್ರಿ ಪೂರ್ವ ರೇಖಾಂಶ. ಆ ಚೌಕವನ್ನು ಹದಿನಾರು ಹಾಳೆಗಳಾಗಿ ಹೋಳು ಮಾಡಿದ್ದಾರೆ. ಎಣಿಕೆ ವಾಯವ್ಯ ಮೂಲೆಯಿಂದ ಕೆಳಮುಖವಾಗಿ ಸಾಗುತ್ತದೆ. ಮಾಗಡಿ ಪಟ್ಟಣ 1ನೇ ಹಾಳೆಯಲ್ಲಿದೆ, ಚನ್ನಪಟ್ಟಣ 2ರಲ್ಲಿ, ಸಾವನದುರ್ಗ 5ರಲ್ಲಿ, ರಾಮನಗರ ಮತ್ತು ಕನಕಪುರ ಎರಡೂ 6ರಲ್ಲಿ. ರಾಮದೇವರ ಬೆಟ್ಟ 5 ಮತ್ತು 6ನೇ ಹಾಳೆಗಳ ಕೂಡಂಚಿನ ಹತ್ತಿರ ಬೀಳುವುದರಿಂದ ಅದರ ಸುತ್ತಣ ಸೀಮೆಯನ್ನು ನೋಡಬೇಕಾದರೆ ಎರಡನ್ನೂ ಜೋಡಿಸಿ ಹಾಸಿಕೊಳ್ಳಬೇಕು. ಒಂದೊಂದು ಹಾಳೆಯೂ ಸರಿಸುಮಾರು 27 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ನೆಲವನ್ನು ಹಿಡಿದಿಟ್ಟಿದೆ. ಈ ಚೌಕಗಳಿಗೆ ಜಿಲ್ಲೆ ತಾಲೂಕುಗಳ ಹಂಗಿಲ್ಲ. 2007ರಲ್ಲಿ ರಾಮನಗರ ಜಿಲ್ಲೆ ಹುಟ್ಟಿದಾಗಲೂ 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾದಾಗಲೂ ಚೌಕದ ಗೆರೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಹೆಸರಿನ ಮಾತು ಬಂದದ್ದರಿಂದ ಒಂದು ಮಾತು. ಟಿಪ್ಪುವಿನ ಕಾಲಕ್ಕೆ ಶಂಶೇರಾಬಾದ್, 1800ರಲ್ಲಿ ದಿವಾನ್ ಪೂರ್ಣಯ್ಯನವರು ಪೇಟೆ ಕಟ್ಟಿಸಿ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ ಮೇಲೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. ಹಳೆಯ ಹಾಳೆ ಹುಡುಕಿಕೊಂಡು ಹೊರಟವರು ರಾಮನಗರ ಎಂದು ಕೇಳಿದರೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಕ್ಲೋಸ್‌ಪೇಟೆ ಎಂದೇ ಕೇಳಬೇಕು.

ಮೊದಲ ನಕ್ಷೆಗಳು ಬಂದದ್ದು ತುಪಾಕಿಯ ಜೊತೆಯಲ್ಲಿ. 1791ರ ಡಿಸೆಂಬರಿನಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದಿದ್ದ ಕಾರ್ನ್‌ವಾಲಿಸ್‌ನ ಸೈನ್ಯ ಶ್ರೀರಂಗಪಟ್ಟಣದ ದಾರಿ ಹಿಡಿಯುವ ಮುನ್ನ ಬೆನ್ನ ಹಿಂದಿನ ದುರ್ಗಗಳನ್ನು ಮುಗಿಸಬೇಕಿತ್ತು. ಆ ತಿಂಗಳ 10ಕ್ಕೆ ಸಾವನದುರ್ಗದ ಮುತ್ತಿಗೆ ಶುರುವಾಯಿತು, 17ಕ್ಕೆ ಫಿರಂಗಿಗಳು ಬಾಯಿ ತೆರೆದವು, 21ಕ್ಕೆ ಕೋಟೆ ಬಿತ್ತು. ಕಡೆಯ ದಾಳಿ ಒಂದು ಗಂಟೆಯೂ ಹಿಡಿಯಲಿಲ್ಲ. ಮರುದಿನವೇ ರಾಮಗಿರಿ ಶಿವಗಿರಿಗಳು ಶರಣಾದವು, 24ಕ್ಕೆ ಹುತ್ರಿದುರ್ಗ. ಕೆಂಪೇಗೌಡರ ಮನೆತನದವರು ತಲೆಮಾರುಗಳ ಕಾಲ ಕಾಯ್ದುಕೊಂಡಿದ್ದ ಕಲ್ಲುಗಳು ಎರಡು ವಾರದಲ್ಲಿ ಟಿಪ್ಪುವಿನ ಕೈಬಿಟ್ಟುಹೋದವು. ಆ ದಂಡಿನ ಜೊತೆ ಚಿತ್ರಕಾರ ರಾಬರ್ಟ್ ಹೋಮ್ ಇದ್ದ. 1794ರಲ್ಲಿ ಅಚ್ಚಾದ ಅವನ ಮೈಸೂರು ದೃಶ್ಯಾವಳಿಯಲ್ಲಿ ಸಾವನದುರ್ಗ ಇದೆ, ರಾಮಗಿರಿ ಇದೆ, ರಾಮಗಿರಿಯ ನೆತ್ತಿಯಿಂದ ಕಂಡ ಶಿವಗಿರಿಯೂ ಇದೆ. ಸರ್ವೆ ಕಲಿತ ದಂಡಿನ ಅಧಿಕಾರಿಗಳು ದಾರಿ, ಕಣಿವೆ, ನೀರಿನ ತಾವುಗಳನ್ನು ಗುರುತಿಸುತ್ತ ಬಂದರು. ಅವರಿಗೆ ಬೇಕಾದದ್ದು ಮೂರೇ ಸಂಗತಿ: ಫಿರಂಗಿ ಎಲ್ಲಿಯವರೆಗೆ ಏರುತ್ತದೆ, ಎತ್ತುಗಳಿಗೆ ನೀರೆಲ್ಲಿ, ಕಾಡು ಎಷ್ಟು ದಟ್ಟ. ಸಾವನದುರ್ಗದ ಕರಿಗುಡ್ಡ ಬಿಳಿಗುಡ್ಡಗಳ ನಡುವಿನ ಸೀಳು ಅವರ ಕಣ್ಣಿಗೆ ಬಿದ್ದದ್ದು ಒಂದು ದಾರಿಯಾಗಿ ಮಾತ್ರ.

1799ರ ಮೇ 4ರಂದು ಟಿಪ್ಪು ಬಿದ್ದ. ಗೆದ್ದ ನೆಲ ಎಷ್ಟಿದೆ ಎನ್ನುವುದು ಗೆದ್ದವರಿಗೇ ಗೊತ್ತಿರಲಿಲ್ಲ. ಅದನ್ನು ಅಳೆಯುವ ಕೆಲಸಕ್ಕೆ ಇಬ್ಬರು ಹೊರಟರು. ಕಾಲಿನ್ ಮೆಕೆಂಜಿ ಊರೂರು ತಿರುಗಿ ಮೈಸೂರು ಸೀಮೆಯ ಸರ್ವೆ ಕೈಗೊಂಡ. ಅವನ ಜೊತೆ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರಿದ್ದರು, ಕೈಫಿಯತ್ತು ಶಾಸನಗಳನ್ನು ಕೂಡಿಹಾಕಿದವರು. ನಮ್ಮ ಇತಿಹಾಸಕಾರರು ಮೆಕೆಂಜಿಯನ್ನು ನೆನೆಯುವುದು ಆ ಕೈಫಿಯತ್ತುಗಳಿಗಾಗಿ. ಸಂಬಳ ಬರುತ್ತಿದ್ದದ್ದು ನಕ್ಷೆಗೆ ಎನ್ನುವುದನ್ನು ಮರೆಯುತ್ತೇವೆ. ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಅವನು 1800ರಲ್ಲಿ ಬೆಂಗಳೂರಿನ ಬಯಲಲ್ಲಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. 1804ರಲ್ಲಿ ಬೆಂಗಳೂರಲ್ಲೇ ಮತ್ತೊಂದನ್ನು. ಇಂಥ ರೇಖೆಯ ಎರಡು ತುದಿಗಳಿಂದ ದೂರದ ಬೆಟ್ಟಗಳ ನೆತ್ತಿಗೆ ಕೋನ ಹಿಡಿಯುತ್ತ, ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಪಡುವಣಕ್ಕೆ ಸಾಗಿದ. ಬೆಂಗಳೂರಿನಿಂದ ಪಶ್ಚಿಮಕ್ಕೆ ನೋಡಿದವನಿಗೆ 1,226 ಮೀಟರ್ ಎತ್ತರದ ಸಾವನದುರ್ಗವನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವೇ ಇರಲಿಲ್ಲ. ಅದು ಅವನ ಕೇಂದ್ರಗಳಲ್ಲಿ ಒಂದಾಯಿತು. ಕೆಲವು ವರ್ಷದ ಹಿಂದೆ ಕೋಟೆಯಾಗಿ ಸೋತ ಬೆಟ್ಟ ಈಗ ಒಂದು ಬಿಂದುವಾಗಿ ಮೇಲೆದ್ದಿತು. ಒಳ್ಳೆಯ ಬದಲಾವಣೆ ಎಂದೇ ನನ್ನ ಎಣಿಕೆ. ಬಿಂದುವಿಗೆ ಯಾರೂ ಲಗ್ಗೆ ಹಾಕುವುದಿಲ್ಲ.

ನೆಲ ಅಳೆಯುವವರ ಹಿಂದೆಯೇ ನೆಲ ಅಗೆಯುವವರು ಬಂದರು. ಇದಕ್ಕೆ ನಮ್ಮ ನೆರೆಯ ಕೋಲಾರವೇ ಸಾಕ್ಷಿ. 1802ರಲ್ಲಿ ಮೈಸೂರಿನ ಮೂಡಣ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಅಲ್ಲಿನ ಮಣ್ಣಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಕಿವಿಗೆ ಬಿತ್ತು. ಹಳ್ಳಿಗರಿಂದ ಮಣ್ಣು ತೊಳೆಸಿ ನೋಡಿ, ಬರೆದಿಟ್ಟ. ಎಷ್ಟೋ ದಶಕ ಆ ಬರಹ ಧೂಳು ಹಿಡಿಯಿತು. 1871ರಲ್ಲಿ ಮೈಕೇಲ್ ಲವೆಲ್ ಅದನ್ನು ಓದಿದ, ಮುಂದಿನದು ಕೆಜಿಎಫ್. ಮೆಕೆಂಜಿಯ ತಂಡದಲ್ಲಿ ಬೆಂಜಮಿನ್ ಹೈನೆ ಎಂಬ ವೈದ್ಯನೂ ಇದ್ದ. ಗಿಡಮೂಲಿಕೆಯ ಜೊತೆಗೆ ಖನಿಜಗಳನ್ನು ಗುರುತಿಸುವುದೂ ಅವನ ಕೆಲಸ. ಅದೇ 1800ರಲ್ಲಿ ಫ್ರಾನ್ಸಿಸ್ ಬುಕನನ್ ನಮ್ಮ ಸೀಮೆಯನ್ನು ಹಾದುಹೋದ. ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗೆಂದು ಎಳೆಯುತ್ತಿದ್ದ ಉಕ್ಕನ್ನೂ ಅವನು ವಿವರವಾಗಿ ಬರೆದಿದ್ದಾನೆ. ಈಗ ಚನ್ನಪಟ್ಟಣ ಎಂದರೆ ಅರಗಿನ ಬೊಂಬೆ. ಆಗ ವೀಣೆಯ ತಂತಿ. ಆ ಕುಲುಮೆಗಳು ಯಾವ ಹಾಳೆಯಲ್ಲೂ ಉಳಿದಿಲ್ಲ, ಏಕೆಂದರೆ ಹಾಳೆಗಳು ಸಿದ್ಧವಾಗುವ ಹೊತ್ತಿಗೆ ಅವು ಆರಿಹೋಗುತ್ತಿದ್ದವು.

ನಾವು ಇಂದು ಟೋಪೋಶೀಟ್ ಎನ್ನುವ ಸ್ಥಳಾಕೃತಿ ನಕ್ಷೆ ಬಂದದ್ದು ಇದಾದ ಎಷ್ಟೋ ಕಾಲದ ಮೇಲೆ. ಆರಂಭದ ನಕ್ಷೆಗಳಲ್ಲಿ ಬೆಟ್ಟ ಎಂದರೆ ಕುಂಚದ ನೆರಳು, ಇಲ್ಲವೇ ಇಳಿಜಾರಿನುದ್ದಕ್ಕೂ ಎಳೆದ ಸಣ್ಣ ಸಣ್ಣ ಗೀರು. ನೋಡಲು ಸೊಗಸು. ಬೆಟ್ಟ ಇದೆ ಎಂದು ತಿಳಿಯುತ್ತದೆ, ಎಷ್ಟಿದೆ ಎಂದು ತಿಳಿಯುವುದಿಲ್ಲ. 1904–05ರ ಸರ್ವೆ ಸಮಿತಿ ದೇಶವನ್ನೆಲ್ಲ ಮೈಲಿಗೆ ಒಂದಂಗುಲದ ಅಳತೆಯಲ್ಲಿ, ಬಣ್ಣದಲ್ಲಿ, ಸಮೋನ್ನತಿ ರೇಖೆಗಳೊಡನೆ ಹೊಸದಾಗಿ ನಕ್ಷೆ ಮಾಡಬೇಕೆಂದಿತು. ಸಮೋನ್ನತಿ ರೇಖೆ ಎಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುತ್ತ ಹೋಗುವ ಕಂದು ಗೆರೆ. ಕೆರೆಯ ನೀರು ಇಳಿದಂತೆಲ್ಲ ನಡುಗಡ್ಡೆಯ ಸುತ್ತ ಒಂದರ ಕೆಳಗೊಂದು ಕರೆ ಉಳಿಯುತ್ತದಲ್ಲ, ಹಾಗೆ. ಅಂಗುಲದ ಹಾಳೆಗಳಲ್ಲಿ ಸಾಮಾನ್ಯವಾಗಿ 50 ಅಡಿಗೊಂದು ಗೆರೆ. ಮೆಟ್ರಿಕ್ ಬಂದ ಮೇಲೆ 1:50,000ದ ಹಾಳೆಯಲ್ಲಿ 20 ಮೀಟರಿಗೊಂದು. ಗೆರೆ ಒತ್ತಾಗಿದ್ದರೆ ಕಡಿದು, ಬಿಡಿಯಾಗಿದ್ದರೆ ಇಳುಕಲು. ನಮ್ಮ ಬೆಟ್ಟಗಳು ಈ ರೇಖೆಗಳಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಸಾವನದುರ್ಗದ ಮೈಯಂಥ ಕಡೆ ಗೆರೆಗಳು ಒಂದರ ಮೇಲೊಂದು ಬಿದ್ದು ಕಂದು ಪಟ್ಟೆಯಾಗಿಬಿಡುತ್ತವೆ. ಅಂಥ ಕಡೆ ನಕ್ಷೆಕಾರ ಗೆರೆ ಬಿಟ್ಟು ಬಂಡೆಯ ಚಿತ್ರಕ್ಕೆ ಇಳಿಯುತ್ತಾನೆ. ಹಾಸುಬಂಡೆಗೆ ಬೇರೆ ಗುರುತು, ಗುಂಡುಕಲ್ಲಿನ ಮೊರಡಿಗೆ ಬೇರೆ ಗುರುತು.

ಹೀಗೆ ಅಳೆದವರು ಹೆಗಲ ಮೇಲೆ ಪ್ಲೇನ್ ಟೇಬಲ್ ಹೊತ್ತವರು. ಮುಕ್ಕಾಲಿಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ, ಕಾಗದದ ಮೇಲೆ ನೋಟದ ಪಟ್ಟಿ. ಗೊತ್ತಿರುವ ಮೂರು ನೆತ್ತಿಗಳಿಗೆ ಗುರಿ ಹಿಡಿದು ತಾನು ನಿಂತ ಜಾಗ ಕಂಡುಕೊಳ್ಳಬೇಕು. ಆಮೇಲೆ ಕಣ್ಣಳತೆಗೆ ಬಿದ್ದ ಕೆರೆ, ಗುಡಿ, ತೋಪು, ಬಾವಿ, ಬಂಡಿದಾರಿ ಒಂದೊಂದನ್ನೇ ಕೂರಿಸಬೇಕು. ಕೆರೆ ಏರಿಯ ಎತ್ತರವನ್ನೂ ಅವರು ಬಿಡಲಿಲ್ಲ. ಏರಿಯ ಪಕ್ಕ ಒಂದು ಸಣ್ಣ ಅಂಕಿ ಇರುತ್ತದೆ, ಸುತ್ತಣ ನೆಲದಿಂದ ಏರಿ ಎಷ್ಟು ಮೇಲಿದೆ ಎನ್ನುವುದು. ಅವರ ಹೆಸರು ಹಾಳೆಯ ಮೇಲೆ ಇಲ್ಲ. ಕರಡಿ ಚಿರತೆ ಇರುವ ಈ ಗುಡ್ಡಗಳಲ್ಲಿ ಅವರಿಗೆ ದಾರಿ ತೋರಿಸಿದ ನಮ್ಮೂರ ದನ ಕಾಯುವವರ ಹೆಸರಂತೂ ಇರುವುದಕ್ಕೇ ಸಾಧ್ಯವಿಲ್ಲ.

ಇದೇ ಹಾಳೆಗಳ ಮೇಲೆ ಭೂವಿಜ್ಞಾನಿಗಳು ತಮ್ಮ ಬಣ್ಣ ತುಂಬಿದರು. ಮೈಸೂರು ಸರ್ಕಾರ ಭೂವಿಜ್ಞಾನ ಇಲಾಖೆಯನ್ನು ತೆರೆದದ್ದು 1894ರಲ್ಲಿ, ರಾಬರ್ಟ್ ಬ್ರೂಸ್ ಫೂಟ್‌ನ ಕೈಕೆಳಗೆ. ಆಮೇಲೆ ಆ ಇಲಾಖೆಗೆ ಬಂದ ಸ್ಮೀತ್ 1916ರಲ್ಲಿ ಮೈಸೂರಿನ ಭೂಚರಿತ್ರೆಯ ರೂಪುರೇಷೆಯನ್ನು ಪ್ರಕಟಿಸಿದ. ಮೈಸೂರಿನ ಭೂವಿಜ್ಞಾನಿಗಳು ರಾಮನಗರದ ಗುಲಾಬಿ–ಬೂದು ಕಲ್ಲಿಗೆ ಊರ ಹೆಸರನ್ನೇ ಇಟ್ಟರು: ಕ್ಲೋಸ್‌ಪೇಟೆ ಗ್ರಾನೈಟ್. ಊರು ಹೆಸರು ಬದಲಿಸಿಕೊಂಡಿತು, ಕಲ್ಲು ಬದಲಿಸಿಕೊಳ್ಳಲಿಲ್ಲ. ಜಗತ್ತಿನ ಯಾವ ಮೂಲೆಯ ಭೂವಿಜ್ಞಾನ ಗ್ರಂಥ ತೆಗೆದರೂ ಅದೇ ಹೆಸರು. ಸುಮಾರು 250 ಕೋಟಿ ವರ್ಷದ ಹಿಂದೆ ಕರಗಿದ ಶಿಲಾಪಾಕ ಕೆಳಗಿನಿಂದ ನುಗ್ಗಿ ಗಟ್ಟಿಯಾದ ಉದ್ದನೆಯ ಪಟ್ಟಿ ಇದು. ತೆಂಕಣದಲ್ಲಿ ಕಬ್ಬಾಳದುರ್ಗದ ಆಸುಪಾಸಿನಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಓಡಿ ಹಂಪಿ ಸಂಡೂರಿನ ಕಡೆಗೆ ಮುಟ್ಟುತ್ತದೆ. ಹಂಪಿಯ ಗುಂಡುಗಳೂ ರಾಮದೇವರ ಬೆಟ್ಟದ ಗುಂಡುಗಳೂ ದಾಯಾದಿಗಳು. ಕಲ್ಲನ್ನು ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದು ನೋಡಿ: ಹೆಬ್ಬೆರಳುಗುರಿನಷ್ಟು ದೊಡ್ಡ ಗುಲಾಬಿ ಹರಳುಗಳು ಎದ್ದು ಕಾಣುತ್ತವೆ, ನಡುನಡುವೆ ಗಾಜಿನಂಥ ಬೆಣಚು, ಕಪ್ಪು ಕಾಗೆಬಂಗಾರದ ಚೂರು.

ಈ ಕಲ್ಲಿನ ಮೇಲೆ ಪೂರ್ಣ ಪ್ರಮಾಣದ ಗ್ರಂಥ ಬರೆದವರು ನಮ್ಮವರೇ, ಬಿ.ಪಿ. ರಾಧಾಕೃಷ್ಣ. 1956ರಲ್ಲಿ ಮೈಸೂರು ಭೂವಿಜ್ಞಾನಿಗಳ ಸಂಘ ಅದನ್ನು ಪ್ರಕಟಿಸಿತು. ಕನ್ನಡದಲ್ಲೂ ಬರೆದವರು ಅವರು. ಈ ಮಾತನ್ನು ಸಾಹಿತ್ಯ ವೇದಿಕೆಯಲ್ಲಿ ಹೇಳಲೇಬೇಕು. ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನವೊಂದು ನಮ್ಮ ಕಬ್ಬಾಳದ ಕ್ವಾರಿಯನ್ನು ಪ್ರಪಂಚಪ್ರಸಿದ್ಧ ಮಾಡಿತು. ಬೂದುಬಣ್ಣದ ಪಟ್ಟೆಶಿಲೆ ಕಪ್ಪನೆಯ ಚಾರ್ನಕೈಟ್ ಆಗಿ ಮಾರ್ಪಡುತ್ತಿರುವ ಹಂತವೇ ಅಲ್ಲಿ ಕಲ್ಲಿನ ಮುಖದ ಮೇಲೆ ಕಾಣುತ್ತದೆ. ಇಲ್ಲಿ ಒಂದು ವಿಚಿತ್ರವಿದೆ, ಗಮನಿಸಬೇಕು: ಆ ಮುಖ ಕಾಣಿಸಿದ್ದು ಅಲ್ಲಿ ಕಲ್ಲು ಒಡೆದದ್ದರಿಂದ. ಕ್ವಾರಿಯನ್ನು ಬರೀ ಖಳನನ್ನಾಗಿ ನೋಡುವವರ ಸಾಲಿಗೆ ನಾನು ಸೇರುವವನಲ್ಲ.

ಸೇರದಿರುವುದಕ್ಕೆ ಇನ್ನೂ ಒಂದು ಕಾರಣ ಕಲ್ಲುಕುಟಿಗರ ವಿದ್ಯೆ. ಬೆಂಗಳೂರು ಸೀಮೆಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದ ಬಗೆಯನ್ನು ಎಚ್. ವಾರ್ತ್ ಎಂಬವನು 1895ರ ನೇಚರ್ ಪತ್ರಿಕೆಯಲ್ಲಿ ಬೆರಗಿನಿಂದ ಬರೆದ. ಹಾಸುಬಂಡೆಯ ಮೇಲೆ ಸಾಲಾಗಿ ಸೌದೆಯ ಕಿರುಬೆಂಕಿ. ಮೇಲಿನ ಪದರ ಕಾದು ಹಿಗ್ಗಿ ಅಡಿಯ ಕಲ್ಲಿನಿಂದ ಬಿಡುತ್ತದೆ. ಬಿಟ್ಟಿತೋ ಇಲ್ಲವೋ ಎಂಬುದನ್ನು ಸುತ್ತಿಗೆಯಲ್ಲಿ ಬಡಿದು ಸದ್ದಿನಿಂದ ತಿಳಿಯಬೇಕು; ಬಿಟ್ಟ ಕಡೆಯಿಂದ ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸಬೇಕು. ಸಿಡಿಮದ್ದಿಲ್ಲ, ಯಂತ್ರವಿಲ್ಲ. ಒಡೆಯದೆ ಬಿಡಿಸಿಕೊಂಡ ದೊಡ್ಡ ಹಾಳೆಯನ್ನು ಆಮೇಲೆ ಉಳಿಯಿಂದ ಗೆರೆ ಹೊಡೆದು ಪಟ್ಟಿ ಪಟ್ಟಿಯಾಗಿ ಸೀಳುತ್ತಿದ್ದರು. ನಮ್ಮ ಭಾಗದ ಹಳೆಯ ಮನೆಗಳ ಜಗುಲಿ, ಸೂರಿನ ಚಪ್ಪಡಿ, ತೋಟದ ಬೇಲಿಕಂಬ ಎಲ್ಲ ಉಳಿ–ಸುತ್ತಿಗೆಯ ಕೆಲಸದವು. ಹಾಗೆ ತೆಗೆದರೆ ಬಂಡೆ ಅಂಗುಲ ಅಂಗುಲವಾಗಿ ತೆಳುವಾಗುತ್ತಿತ್ತು; ಒಂದು ಆಯುಸ್ಸಿನಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತಿರಲಿಲ್ಲ. ಜಲ್ಲಿ ಕ್ರಷರ್ ಬಂದ ಮೇಲೆ ಲೆಕ್ಕ ಬೇರೆಯಾಯಿತು. ಚಪ್ಪಡಿಗೆ ಒಳ್ಳೆಯ ಕಲ್ಲು ಬೇಕು, ಜಲ್ಲಿಗೆ ಯಾವ ಕಲ್ಲಾದರೂ ಆದೀತು. ಕನಕಪುರ ಕಡೆಯ ಕರಿಕಲ್ಲಿನ ಕಥೆ ಇನ್ನೂ ಬೇರೆ. ಅದು ಗ್ರಾನೈಟೇ ಅಲ್ಲ, ಹಳೆಯ ಬಿರುಕುಗಳಿಗೆ ನುಗ್ಗಿ ಗೋಡೆಯಂತೆ ನಿಂತ ಡಾಲರೈಟ್. ವ್ಯಾಪಾರದವರು ಅದನ್ನು ಕಪ್ಪು ಗ್ರಾನೈಟ್ ಎನ್ನುತ್ತಾರೆ. ನಯಗೊಳಿಸಿದರೆ ಕನ್ನಡಿಯಾಗುತ್ತದೆ, ಹೊರದೇಶಗಳಲ್ಲಿ ಸಮಾಧಿಗಲ್ಲಾಗುತ್ತದೆ. 25 ಮೀಟರ್ ಅಗಲದ ಅಂಥ ಗೋಡೆ 1:50,000ದ ಹಾಳೆಯಲ್ಲಿ ಅರ್ಧ ಮಿಲಿಮೀಟರ್, ಪೆನ್ಸಿಲ್ ಗೀರಿನಷ್ಟು. ಎಷ್ಟೋ ಕಡೆ ಆ ಗೀರೂ ಬಿದ್ದಿಲ್ಲ.

ಈಗ ಇನ್ನೊಂದು ನಕ್ಷೆಯ ಕಡೆ ಹೊರಳೋಣ. ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅದರ ಆಯುಧ 33 ಅಡಿಯ ಸರಪಳಿ. ಸರಪಳಿಗೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಹೊಲದ ಮೂಲೆಗೆ ಬಾಂದುಕಲ್ಲು, ಟಿಪ್ಪಣಿಯಲ್ಲಿ ಅಳತೆ, ಆಕಾರಬಂದ್‌ನಲ್ಲಿ ವಿಸ್ತೀರ್ಣ ಮತ್ತು ಕಂದಾಯ, ಎಲ್ಲ ಸೇರಿ ಗ್ರಾಮನಕ್ಷೆ. ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಇದು ಬಾಯಿಪಾಠ. ಪೋಡಿಗೋ ಹದ್ದುಬಸ್ತಿಗೋ ಅರ್ಜಿ ಕೊಟ್ಟು ಭೂದಾಖಲೆ ಕಚೇರಿಗೆ ಅಲೆದವರೇ ನಾವೆಲ್ಲ. ಈ ನಕ್ಷೆ ಹುಟ್ಟಿದ್ದು ಕಂದಾಯ ಎತ್ತುವುದಕ್ಕೆ. ಬೆಳೆ ಬೆಳೆಯದ ಜಾಗ ಅದರ ಮಟ್ಟಿಗೆ ಖರಾಬು. ಉಳಲಾಗದ ಬಂಡೆ ಗುಡ್ಡ ಅ ಖರಾಬು, ದಾರಿ ಹಳ್ಳ ಸ್ಮಶಾನದಂಥ ಸಾರ್ವಜನಿಕ ನೆಲ ಬ ಖರಾಬು. ಅಲ್ಲಿಗೆ ಬೆಟ್ಟದ ವಿಚಾರ ಮುಗಿಯಿತು. ರೈತನ ಒಂದು ಗುಂಟೆಗೆ ಹತ್ತು ಸಲ ಸರಪಳಿ ಎಳೆದ ಸರ್ವೆ, ಇನ್ನೂರು ಅಡಿ ಎತ್ತರದ ಬಂಡೆಯನ್ನು ಇಷ್ಟು ಎಕರೆ ಇಷ್ಟು ಗುಂಟೆ ಎಂದು ಚಪ್ಪಟೆ ಮಾಡಿ ಬರೆದು ಮುಂದೆ ಹೋಯಿತು. ತಪ್ಪಲ್ಲ, ಅದಕ್ಕೆ ಎತ್ತರ ಬೇಕಿರಲಿಲ್ಲ. ಎತ್ತರಕ್ಕೆ ಕಂದಾಯ ಹಾಕುವ ಪದ್ಧತಿ ಯಾವ ರಾಜನ ಕಾಲಕ್ಕೂ ಇರಲಿಲ್ಲ.

ಕಲ್ಲಿಗೆ ಬೆಲೆ ಬಂದಾಗ ತೊಡಕು ಬಂತು. ಗಣಿ ಗುತ್ತಿಗೆ ಕೊಡುವುದು ಸರ್ವೆ ನಂಬರಿನ ಮೇಲೆ, ಎಕರೆ ಲೆಕ್ಕದಲ್ಲಿ. ಆ ಕಾಗದ ಚಪ್ಪಟೆ. ಹೊರಗೆ ಹೋಗುವುದು ಘನ ಅಳತೆಯ ಮಾಲು. ರಾಜಧನ ಅದರ ಮೇಲೆ. ಮೇಲಿನಿಂದ ಕೆಳಕ್ಕೆ ಎಷ್ಟು ತೆಗೆದರು ಎಂಬುದಕ್ಕೆ ಮೂಲದಲ್ಲಿ ಎಷ್ಟಿತ್ತು ಎಂಬ ದಾಖಲೆ ಬೇಕಲ್ಲವೇ? ಗ್ರಾಮನಕ್ಷೆಯಲ್ಲಿ ಅದಿಲ್ಲ. ಇರುವುದು ಟೋಪೋಶೀಟಿನಲ್ಲಿ, ಆದರೆ ಅದರಲ್ಲಿ ಸರ್ವೆ ನಂಬರಿಲ್ಲ. ಕಂದಾಯ ಕಚೇರಿಯ ಕಪಾಟಿನಲ್ಲಿ ಒಂದು, ಬೆಂಗಳೂರಿನ ಕೋರಮಂಗಲದ ಸರ್ವೇಕ್ಷಣಾ ಕಚೇರಿಯಲ್ಲಿ ಇನ್ನೊಂದು. ಎರಡಕ್ಕೂ ಮುಖ ನೋಡಿ ಮಾತಾಡಿದ ರೂಢಿ ಇಲ್ಲ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಊರಿನ ಹೆಸರು ಬೇಡ, ಊಹೆಯ ಗುಡ್ಡ ಎಂದೇ ಇಟ್ಟುಕೊಳ್ಳಿ. ಬುಡದಲ್ಲಿ 200 ಮೀಟರ್ ಉದ್ದ, 150 ಮೀಟರ್ ಅಗಲ, ಮೊಟ್ಟೆಯಾಕಾರ. ಗ್ರಾಮನಕ್ಷೆಯ ಪ್ರಕಾರ ಇದು 5 ಎಕರೆ 33 ಗುಂಟೆ ಖರಾಬು, ಅಷ್ಟೇ. ಬುಡ ಸಮುದ್ರಮಟ್ಟದಿಂದ 742 ಮೀಟರ್, ನೆತ್ತಿ 759 ಮೀಟರ್ ಎನ್ನಿ. 17 ಮೀಟರ್ ಎತ್ತರದ ಬಂಡೆ, ಐದು ಅಂತಸ್ತಿನ ಕಟ್ಟಡದಷ್ಟು. ಶಂಕುವಿನ ಸೂತ್ರ ಹಾಕಿದರೂ 1 ಲಕ್ಷ 33 ಸಾವಿರ ಘನಮೀಟರ್ ಕಲ್ಲು. ನಮ್ಮ ಗುಡ್ಡಗಳು ಶಂಕುವಲ್ಲ, ಹೊಟ್ಟೆ ಉಬ್ಬಿದವು. ನಿಜವಾದ ಅಳತೆ ಇದಕ್ಕಿಂತ ಹೆಚ್ಚೇ. ಘನಮೀಟರಿಗೆ 2.65 ಟನ್ನಿನಂತೆ ಮೂರೂವರೆ ಲಕ್ಷ ಟನ್. 20 ಟನ್ನಿನ ಲಾರಿಗೆ ತುಂಬಿದರೆ 17 ಸಾವಿರಕ್ಕೂ ಮೇಲೆ ಲೋಡ್. ಇಷ್ಟೂ ಹೋದ ಮೇಲೆ ಗ್ರಾಮನಕ್ಷೆಯಲ್ಲಿ ಏನು ಬದಲಾಗುತ್ತದೆ? ಏನೂ ಇಲ್ಲ. ಅದೇ 5 ಎಕರೆ 33 ಗುಂಟೆ.

ಸರಿ, ಟೋಪೋಶೀಟ್ ನೋಡೋಣ ಎಂದರೆ, 20 ಮೀಟರಿನ ಗೆರೆಗಳು ಹಾಯುವುದು 740ರಲ್ಲಿ, 760ರಲ್ಲಿ. ನಮ್ಮ ಗುಡ್ಡ 742ಕ್ಕೆ ಹುಟ್ಟಿ 759ಕ್ಕೆ ಮುಗಿದಿದೆ. ಒಂದು ಗೆರೆಯೂ ಅದನ್ನು ಸುತ್ತುವುದಿಲ್ಲ! ಸರ್ವೆಯವನು ಹಾಸುಬಂಡೆಯ ಗುರುತು ಹಾಕಿದ್ದರೆ ಅದೃಷ್ಟ. ನೆತ್ತಿಯ ಎತ್ತರದ ಅಂಕಿ ಬರೆದಿದ್ದರೆ ಪುಣ್ಯ. ರಾಮದೇವರ ಬೆಟ್ಟ, ಸಾವನದುರ್ಗ, ಕಬ್ಬಾಳು, ರೇವಣಸಿದ್ದೇಶ್ವರ ಬೆಟ್ಟಗಳಿಗೆ ಗೆರೆಗಳ ಕಾವಲಿದೆ, ದೇವರ ಕಾವಲಿದೆ, ಅರಣ್ಯ ಇಲಾಖೆಯ ಕಾವಲಿದೆ. ರಾಮದೇವರ ಬೆಟ್ಟದ 346 ಹೆಕ್ಟೇರ್ 2012ರಲ್ಲಿ ರಣಹದ್ದುಗಳ ಧಾಮವಾಯಿತು. 1975ರ ಶೋಲೆ ಚಿತ್ರದಿಂದ ಅದಕ್ಕೆ ಸಿನಿಮಾದ ಕೀರ್ತಿಯೂ ಇದೆ. ನಮ್ಮ ಯಾವ ಹಾಳೆಯಲ್ಲೂ ಇಲ್ಲದ ರಾಮಗಢ ಎಂಬ ಊರನ್ನು ದೇಶವೇ ನಂಬಿತು. ಹೆಸರಿಲ್ಲದ, ಗೆರೆಯಿಲ್ಲದ, ಹದಿನೈದು ಹದಿನೆಂಟು ಮೀಟರಿನ ಮೊರಡಿಗಳಿಗೆ ಯಾರಿದ್ದಾರೆ? ಹೋದರೆ ಎರಡೂ ನಕ್ಷೆಗಳಲ್ಲಿ ಕಲೆಯೂ ಉಳಿಯದಂತೆ ಹೋಗುವ ಕಲ್ಲು ಅವೇ.

ಅಳತೆ ಚಪ್ಪಟೆಯಾದರೆ ನ್ಯಾಯವೂ ಹೇಗೆ ಚಪ್ಪಟೆಯಾಗುತ್ತದೆ ಎನ್ನುವುದಕ್ಕೆ ನಮ್ಮ ಕಲ್ಲಿನ ಬಡಗಣ ತುದಿಯನ್ನು ನೋಡಬೇಕು. ಬಳ್ಳಾರಿ ಸಂಡೂರಿನ ಕಬ್ಬಿಣದ ಗಣಿಗಳ ಗಲಾಟೆಯಲ್ಲಿ ಕರ್ನಾಟಕ ಮತ್ತು ಆಂಧ್ರದ ಗಡಿಯೇ ಪ್ರಶ್ನೆಯಾಗಿ, ಬಳ್ಳಾರಿ ಮೀಸಲು ಅರಣ್ಯದ 1896ರ ನಕ್ಷೆಯ ಧೂಳು ಕೊಡವಬೇಕಾಯಿತು. ತುಮಟಿಯ ಸುಗ್ಗಲಮ್ಮನ ಗುಡಿ ಗಡಿಯ ಗುರುತಾಗಿ ನಿಂತಿತ್ತು; 2006ರಲ್ಲಿ ಅದನ್ನೇ ಸಿಡಿಸಿದರು. ಲೋಕಾಯುಕ್ತರ ವರದಿ 2011ರ ಜುಲೈಯಲ್ಲಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ವಿಂಗಡಣೆಯ ಮುಖ್ಯ ಅಳತೆ ಏನು? ಗಡಿ ದಾಟಿ ತೋಡಿದ ಗುಂಡಿ ಗುತ್ತಿಗೆ ಪ್ರದೇಶದ ಶೇ. 10ರೊಳಗೆ, ಸುರಿದ ತ್ಯಾಜ್ಯ ಶೇ. 15ರೊಳಗೆ ಇದ್ದರೆ ಬಿ, ಮೀರಿದರೆ ಸಿ. ಕೋರ್ಟಿನ ಆ ಕ್ರಮ ಬಲವಾದದ್ದೇ, ಅದರಿಂದ ಲೂಟಿ ನಿಂತಿತು, ಅನುಮಾನವಿಲ್ಲ. ಆದರೆ ವಿಂಗಡಣೆಯ ಗೆರೆ ಬಿದ್ದದ್ದು ಅಗಲದ ಮೇಲೆ. ಗುಡ್ಡದ ನೆತ್ತಿ ಎಷ್ಟು ಇಳಿಯಿತು ಎಂಬುದು ಆ ಶೇಕಡಾವಾರುಗಳಲ್ಲಿ ಇಲ್ಲ.

ನಮ್ಮಲ್ಲಿ ಏನು ಸಾಧ್ಯ? ಹಿಂದೆ ಕರಾವಳಿಯ, ಗಡಿಸೀಮೆಯ ಹಾಳೆಗಳು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ದಂಡಿಗೊಂದು, ಜನಕ್ಕೊಂದು ಎಂದು ಎರಡು ಮಾಲಿಕೆ ಮಾಡಿತು. ಜನರ ಮಾಲಿಕೆಯಲ್ಲಿ ನಮ್ಮ 57 ಎಚ್ ಈಗ ಡಿ 43 ಎಕ್ಸ್. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವ, ಬಳಸುವ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿತು. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದ ಮೇಲೆ ಸಣ್ಣ ಗುಡ್ಡವೂ ಕಡತಕ್ಕೆ ಬಂದಿದೆ. ಕೈಯಲ್ಲಿ ಮೊಬೈಲು ಹಿಡಿದು ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಗೊತ್ತಾಗುತ್ತದೆ. ರೈತರು ಅದನ್ನು ದಿನವೂ ಬಳಸುತ್ತಿದ್ದಾರೆ. ಅದೂ ಗ್ರಾಮನಕ್ಷೆಯ ಮಗು, ಎತ್ತರ ಹೇಳುವುದಿಲ್ಲ. ಡ್ರೋನ್ ಅಳತೆ ಹೇಳುತ್ತದೆ, ಇವತ್ತಿನದನ್ನು. ಇವತ್ತಿನದರಿಂದ ಕಳೆಯುವುದಕ್ಕೆ ನಿನ್ನೆಯದು ಬೇಕು, ಅದು ಹಳೆಯ ಹಾಳೆಯಲ್ಲಿದೆ. 1930ರ ದಶಕದ ಹಿಂದಿನ ಹಾಳೆ ಸಿಕ್ಕರಂತೂ ತಿಪ್ಪಗೊಂಡನಹಳ್ಳಿಯ ಕಟ್ಟೆಯಿಲ್ಲದ ಅರ್ಕಾವತಿ, ಕಣ್ವ ಜಲಾಶಯವಿಲ್ಲದ ಕಣ್ವ ಹೊಳೆ ಎರಡೂ ಕಾಣುತ್ತವೆ. ಅಂಥ ಹಾಳೆಗಳಿಗಾಗಿ ಈಗ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನೋ ಲಂಡನ್ನಿನ ಬ್ರಿಟಿಷ್ ಲೈಬ್ರರಿಯನ್ನೋ ಹುಡುಕಿಕೊಂಡು ಹೋಗಬೇಕು. ನಾಲ್ಕು ತಾಲೂಕುಗಳ ಗ್ರಂಥಾಲಯಗಳಲ್ಲಿ ಇವುಗಳ ಒಂದೊಂದು ಪ್ರತಿ ಇಡುವುದು ದೊಡ್ಡ ಖರ್ಚಿನ ಬಾಬಲ್ಲ.

ಪಿಯುಸಿ ಭೂಗೋಳದ ಪ್ರಾಯೋಗಿಕ ಪಾಠದಲ್ಲಿ ಸ್ಥಳಾಕೃತಿ ನಕ್ಷೆ ಓದುವುದು ಇದ್ದೇ ಇದೆ. ನಮ್ಮ ಮಕ್ಕಳ ಮುಂದೆ ಯಾವುದೋ ಊರಿನ ಮಾದರಿ ಹಾಳೆ ಇಡುವ ಬದಲು 57 ಎಚ್ ಚೌಕದ 6ನೇ ಹಾಳೆ ಇಡಲಿ, ಪಕ್ಕದಲ್ಲಿ ಅವರವರ ಊರಿನ ಗ್ರಾಮನಕ್ಷೆ ಇಡಲಿ. ಗೆರೆಗೆ ಸಿಗದ ಮೊರಡಿಗಳನ್ನು ಊರಿನ ಹಿರಿಯರಿಂದ ಹೆಸರು ಕೇಳಿ ಬರೆದುಕೊಳ್ಳಲಿ, ಸರ್ವೆ ನಂಬರಿನ ಎದುರು ಇಂದಿನ ಎತ್ತರವನ್ನು ಕ್ಲೈನೋಮೀಟರಿನಲ್ಲಿ ಅಳೆದು ದಾಖಲಿಸಲಿ. ಕಲ್ಲುಕುಟಿಗರ ಮನೆಯ ಮಕ್ಕಳೂ ಆ ತರಗತಿಯಲ್ಲಿ ಇರುತ್ತಾರೆ. ಯಾವ ಬಂಡೆಯಲ್ಲಿ ಚಪ್ಪಡಿ ಏಳುತ್ತದೆ, ಯಾವುದು ಜಲ್ಲಿಗೆ ಮಾತ್ರ ಸರಿ ಎಂಬುದನ್ನು ಅವರೇ ಉಳಿದವರಿಗೆ ಹೇಳಿಕೊಡಬಲ್ಲರು. ಅದಕ್ಕೊಂದು ಕಾಲಮನ್ನೂ ದಾಖಲೆಯಲ್ಲಿ ಸೇರಿಸಬೇಕು. ಈ ಕೆಲಸಕ್ಕೆ ಕೈಹಾಕುವ ಕಾಲೇಜು ಯಾವುದೇ ಇರಲಿ, ಹಾಳೆಗಳ ಪ್ರತಿ ತರಿಸಿಕೊಡುವ ಹೊಣೆ ನನ್ನದು. ಗ್ರಾಮನಕ್ಷೆಗೆ ನೀವೇ ಅರ್ಜಿ ಹಾಕಬೇಕು.